ಕುಳಗಿಯ ಹಳ್ಳಗಳನ್ನು ಬರೆದವಳು

ಕುಳಗಿ ಕಾಡಿನ ಆ ನಕ್ಷೆಯನ್ನು ಬರೆದವನು ನಾನಲ್ಲ. ನನ್ನ ಅಕ್ಕ ಗಂಗವ್ವ. ನಕ್ಷೆಯ ಕೆಳಗೆ ಇರುವುದು ನನ್ನ ಹೆಸರು — ಅದನ್ನು ನಾನೇ ಹಾಕಿಕೊಂಡೆ.

ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ವರ್ಷಗಳು. ದಾಂಡೇಲಿಯ ಮರಕ್ಕೆ ಬೇಡಿಕೆ ಹೆಚ್ಚಿ, ಅರಣ್ಯ ಇಲಾಖೆಯವರು ಗಾಡಿಗಳಿಗೆ ಹೊಸ ದಾರಿ ಹುಡುಕುತ್ತಿದ್ದರು. ನಾನು ಅವರ ಕುಳಗಿ ಕ್ಯಾಂಪಿನಲ್ಲಿ ನಕ್ಷೆ ಬರೆಯುವ ನೌಕರ. ಅವ್ವ ತೀರಿಕೊಂಡ ಮೇಲೆ ಅಕ್ಕ ಹಳಿಯಾಳದಿಂದ ನನ್ನ ಹತ್ತಿರ ಬಂದಿದ್ದಳು. ಮನೆಯಲ್ಲಿ ನಾವಿಬ್ಬರೇ. ಆಕೆಗೆ ಮೂವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಯಾರ ಮುಖವನ್ನೂ ನೋಡಿ ಮಾತಾಡುತ್ತಿರಲಿಲ್ಲ. ಮೈಗೆ ಕೈ ತಾಗಿದರೆ ಸುಟ್ಟವಳಂತೆ ಹಿಂದೆ ಸರಿಯುತ್ತಿದ್ದಳು. ಗರಗಸದ ಸದ್ದು ಕೇಳಿದರೆ ಕಿವಿ ಮುಚ್ಚಿ, ಗೋಡೆಗೆ ಮುಖ ಮಾಡಿ ಗುನುಗುತ್ತ ಕೂಡುತ್ತಿದ್ದಳು. ಇಂದು ಇದಕ್ಕೆ ಡಾಕ್ಟರರು ಆಟಿಸಂ ಎನ್ನುತ್ತಾರೆ. ಆಗ ಜನರ ಬಾಯಲ್ಲಿದ್ದದ್ದು ಹುಚ್ಚಿ ಎಂಬ ಒಂದೇ ಮಾತು — ನಾನೂ ಅದನ್ನು ಆಡಿದ್ದೇನೆ.

ಆದರೆ ಒಮ್ಮೆ ನಡೆದ ದಾರಿಯನ್ನು ಆಕೆ ಮರೆಯುತ್ತಿರಲಿಲ್ಲ. ಅಳತೆ ಹೊಂದದೆ ನಾನು ತಲೆ ಕೆಡಿಸಿಕೊಂಡು ಕೂತಿದ್ದ ಒಂದು ದಿನ ಬಂದು ನಕ್ಷೆಯ ಮೇಲೆ ಬೆರಳಿಟ್ಟಳು.

“ಇದು ತಪ್ಪೈತಿ. ಇಲ್ಲಿ ಹಳ್ಳ ಎಡಕ್ಕ ಹೊಳ್ಳತೈತಿ.”

ಮರುದಿನ ಹೋಗಿ ನೋಡಿದೆ. ಎಡಕ್ಕೇ ಹೊರಳಿತ್ತು. ಕಟ್ಟಿಗೆಗೆಂದು ಆಕೆ ಒಂದೇ ಸಲ ಅತ್ತ ಹೋಗಿದ್ದಳು.

ಹಾಳೆ, ಪೆನ್ಸಿಲು ಆಕೆಯ ಕೈಗೆ ಕೊಟ್ಟೆ. ಬೆಳಿಗ್ಗೆ ಒಬ್ಬಳೇ ಕಾಡು ತಿರುಗಿ ಬಂದು ಮಧ್ಯಾಹ್ನವೆಲ್ಲ ಬರೆಯುತ್ತಿದ್ದಳು — ಹಳ್ಳ, ಬಂಡೆ, ಬಿದಿರಿನ ಮೆಳೆ, ಗಾಡಿ ಇಳಿಯಬಲ್ಲ ಇಳಿಜಾರು. ಮೂರು ತಿಂಗಳು ಹಾಗೆ. ಊಟಕ್ಕೆ ಕರೆದರೆ “ತಡಿ ತಮ್ಮಾ” ಎನ್ನುತ್ತಿದ್ದಳು. ಅಷ್ಟು ನೆಮ್ಮದಿಯಾಗಿ ಆಕೆಯನ್ನು ನಾನು ಎಂದೂ ಕಂಡಿರಲಿಲ್ಲ.

ನಕ್ಷೆ ನೋಡಲು ಕ್ಯಾಂಪಿನ ಸಾಹೇಬರು ನಮ್ಮ ಮನೆಗೇ ಬಂದರು. ಬಹಳ ಹೊತ್ತು ನೋಡಿದರು. ಇಂಥ ಕೆಲಸ ಈ ಸೀಮೆಯಲ್ಲೇ ಕಂಡಿಲ್ಲ, ಯಾರು ಬರೆದದ್ದು ಎಂದು ಕೇಳಿದರು. ನಾನೇ ಎಂದೆ. ಅಷ್ಟರಲ್ಲಿ ಒಳಗಿನಿಂದ ಗುನುಗುವುದು ಕೇಳಿಸಿತು.

“ಒಳಗ ಯಾರ ಅದಾರ?”

“ಯಾರೂ ಇಲ್ರಿ.”

ಗುನುಗುವುದು ನಿಂತಿತು.

ಆಸೆಯೋ, ಆಕೆಯನ್ನು ತೋರಿಸಲು ನಾಚಿಕೆಯೋ — ಎರಡೂ ಇದ್ದವು. ನನಗೆ ಬಡ್ತಿ ಬಂತು. ಅಕ್ಕ ಅಳಲಿಲ್ಲ, ಜಗಳ ತೆಗೆಯಲಿಲ್ಲ. ಮರುದಿನ ಹಾಳೆ ಕೊಟ್ಟರೆ ದೂರ ಸರಿಸಿ, “ಯಾರೂ ಇಲ್ಲ” ಎಂದಳು. ಆಡಿದ ಮಾತನ್ನು ಆಡಿದಂತೆಯೇ ನಂಬುವವಳು ಆಕೆ. ಆಮೇಲೆ ಯಾರು ಬಂದು ಬಾಗಿಲಲ್ಲಿ ಕರೆದರೂ, ಒಳಗೆ ನಿಂತು ಅದನ್ನೇ ಹೇಳಿ ಕಳಿಸುತ್ತಿದ್ದಳು. ಬಂದವರು ನಗುತ್ತಿದ್ದರು. ನಾನೂ ಒಮ್ಮೆ… ಹೌದು, ನಾನೂ ನಕ್ಕೆ.

ಮತ್ತೆ ಆಕೆ ಪೆನ್ಸಿಲು ಹಿಡಿಯಲಿಲ್ಲ. ಇನ್ನೂ ನಾಲ್ಕು ವರ್ಷ ಒಂದೇ ಸೂರಿನಡಿ ಇದ್ದೆವು. ಆಕೆಗೆ ಬೇಕಾದ ಬಿಳಿ ಅನ್ನವನ್ನು ದಿನವೂ ಬಡಿಸಿದೆ. ಎದುರು ಕೂತು ಉಂಡೆ. ಆಕೆ ಮತ್ತೆ ತಮ್ಮಾ ಎಂದು ಕರೆಯಲಿಲ್ಲ. ಕ್ಷಮಿಸು ಎಂದು ನಾನೂ — ಎಷ್ಟೋ ಸಲ ಬಾಯಿ ತೆರೆದು, ಮಜ್ಜಿಗೆ ಬೇಕೇ ಎಂದು ಕೇಳಿದ್ದೇನೆ.

ಮಲೇರಿಯಾ ಆಕೆಯನ್ನು ಒಂಬತ್ತು ದಿನದಲ್ಲಿ ಒಯ್ದಿತು. ಸಾವು ಬರೆದುಕೊಳ್ಳಲು ಬಂದ ಊರಿನ ಪಾಟೀಲರು ಹೆಸರು, ವಯಸ್ಸು ಕೇಳಿದರು. ಕೊನೆಗೆ, ಏನು ಕೆಲಸ ಮಾಡುತ್ತಿದ್ದರು ಎಂದರು. ಆಗ ನನಗೆ ಯಾರ ಭಯವೂ ಇರಲಿಲ್ಲ. ಸುಳ್ಳಿನಿಂದ ಸಿಗುವುದೂ ಏನೂ ಇರಲಿಲ್ಲ.

“ಏನೂ ಮಾಡ್ತಿದ್ದಿಲ್ರಿ” ಎಂದೆ.

ಅವರು ಹಾಗೆಯೇ ಬರೆದುಕೊಂಡರು. ನಾನು ತಡೆಯಲಿಲ್ಲ.