ಗುಡ್ಡದ ಮೇಲೆ ಹುಡುಗನನ್ನು ನೋಡಿದ್ದು

ಹುಡುಗನನ್ನು ನೋಡಬೇಕೆಂದರೆ ಏರುದಾರಿಯಲ್ಲಿ ನೋಡಿ. ಸೋಫಾದ ಮೇಲೆ ಕೂತು ಉಪ್ಪಿಟ್ಟು ತಿನ್ನುವಾಗ ಎಲ್ಲರೂ ಒಳ್ಳೆಯವರೇ. ಹಸಿವಾದಾಗ, ಕಾಲು ನೋಯುವಾಗ, ದಾರಿ ಇನ್ನೆಷ್ಟಿದೆ ಎಂದು ತಿಳಿಯದಿದ್ದಾಗ ಅವನು ಹೇಗಿರುತ್ತಾನೆ ಎಂಬುದೇ ನಿಜವಾದ ಜಾತಕ. ಮದುವೆಯ ಮಾತು ನಡೆಯುತ್ತಿರುವ ಹುಡುಗಿಯರಿಗೆಲ್ಲ ನಾನು ಇದನ್ನೇ ಹೇಳುವುದು. ಯಾರೋ ಹೇಳಿಕೊಟ್ಟದ್ದಲ್ಲ, ನಡೆದು ಕಲಿತದ್ದು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಅಡುಗೆಯ ಕೋರ್ಸಿಗೆಂದು ಮೆಲ್ಬರ್ನ್‌ಗೆ ಬಂದಿದ್ದ ನಾನು ಅಲ್ಲೇ ನೆಲೆಸಲು ಪಿಆರ್ ಪಡೆದು, ಊರಂಚಿನ ಪಾಯಿಂಟ್ ಕುಕ್ ಬಡಾವಣೆಯ ಕಡೆಯ ಸ್ಟೂಡೆಂಟ್‌ಗಳಿಗೆ, ಆಫೀಸಿನವರಿಗೆ ಡಬ್ಬಿ ಊಟ ಕಳಿಸುತ್ತಿದ್ದೆ. ವಾರದ ಏಳು ದಿನವೂ ಒಲೆ ಉರಿಯುತ್ತಿತ್ತು. ಹುಡುಗ ಸಿಡ್ನಿಯವನು, ಅಲ್ಲಿನ ನಾರ್ವೆಸ್ಟ್ ಬಡಾವಣೆಯಲ್ಲಿ ಐಟಿ ಕೆಲಸ. ಸಂಬಂಧ ತಂದದ್ದು ನಮ್ಮ ಬೀದಿಯ ಆಂಟಿ.

"ಹುಡುಗ ತುಂಬಾ ಒಳ್ಳೇವ್ನು ಕಣೇ. ಡಬ್ಬಿ ತಾನೇ, ಸಿಡ್ನೀಲೂ ಮಾಡ್ಕೋಬಹುದು," ಎಂದರು ಆಂಟಿ.

ಡಬ್ಬಿ ಮಾಡಬಹುದು, ಗಿರಾಕಿಗಳನ್ನು ಮಾಡುವುದು ಸುಲಭವಲ್ಲ. ಎರಡು ತಿಂಗಳು ಫೋನಿನಲ್ಲಿ ಮಾತಾಡಿದ ಮೇಲೆ ಹುಡುಗ ನನಗೆ ಹಿಡಿಸಿದ್ದ ಎಂಬುದೂ ನಿಜ. ಆದರೆ ಮೆಲ್ಬರ್ನ್ ಬಿಡುವುದಿಲ್ಲ ಎಂದು ನಿಶ್ಚಯ ಮಾಡಿಕೊಂಡಿದ್ದೆ. ಅವನು ಒಪ್ಪದಿದ್ದರೆ ಮರುದಿನ ನಾನು ನನ್ನ ಒಲೆಯ ಮುಂದೆ, ಅಷ್ಟೆ.

ಇನ್ನು ನೋಡುವುದು ಎಲ್ಲಿ? ನಾನು ಸಿಡ್ನಿಗೆ ಹೋದರೆ ಅರ್ಧ ಸೋತಂತೆ. ಚೌಕಾಸಿಯನ್ನು ಎದುರಿನವರ ಅಂಗಡಿಯಲ್ಲಿ ಕೂತು ಮಾಡಬಾರದು. ಮ್ಯಾಪ್ ಹರಡಿ ನೋಡಿದೆ. ಎರಡೂ ಊರಿನ ನಡುವೆ ಬೆಟ್ಟದ ಸಾಲು ಇತ್ತು. ಅಲ್ಲಿ ಕಾರು ರಸ್ತೆ ಮುಗಿಯುವ ಶಾರ್ಲೆಟ್ ಪಾಸ್‌ನಿಂದ ಕರುಥರ್ಸ್ ಶಿಖರಕ್ಕೆ ಹೋಗಿ ಬರಲು ಒಂದು ಹಗಲು ಸಾಕು. ಅವನು ಒಪ್ಪಿದ. ಅವನನ್ನು ತಾಯಿಯಂತೆ ಸಾಕಿದ ಅಕ್ಕ ಹಿರಿಯರಾಗಿ ಜೊತೆಗೆ ಬರುವುದೆಂದಾಯಿತು.

ಜನವರಿಯ ಬೆಳಿಗ್ಗೆ ಕಾರ್ ಪಾರ್ಕಿನಲ್ಲಿ ಅಕ್ಕ ಇಳಿದದ್ದು ರೇಷ್ಮೆ ಸೀರೆಯಲ್ಲಿ, ಕೈಯಲ್ಲಿ ಸ್ಟೀಲ್ ಕ್ಯಾರಿಯರ್. ನಂದಿ ಬೆಟ್ಟದ ಹಾಗೆ ಕಾರು ತುದಿಯವರೆಗೂ ಹೋಗುತ್ತದೆಂದು ಉಡುಪಿಯ ಆ ಹೆಂಗಸು ತಿಳಿದಿದ್ದರು.

"ಎಂತ ಮಾರಾಯ್ತಿ, ಮೆಟ್ಟಿಲು ಸಹ ಇಲ್ವಾ?"

"ಮೆಟ್ಟಿಲಿಲ್ಲ ಅಕ್ಕ. ಕೆಳಗೆ ಒಂದು ನದಿ ಇದೆ, ಕಲ್ಲಿನ ಮೇಲೆ ಕಾಲಿಟ್ಟು ದಾಟ್ಬೇಕು."

"ಸೇತುವೆ?"

"ಅದೂ ಇಲ್ಲ."

ಅಕ್ಕ ತಮ್ಮನ ಮುಖ ನೋಡಿದರು. "ಹುಡುಗಿ ನೋಡ್ಲಿಕ್ಕೆ ಬಂದದ್ದಾ, ಸೈನ್ಯಕ್ಕೆ ಸೇರ್ಲಿಕ್ಕೆ ಬಂದದ್ದಾ? ನೀವು ಹೋಗಿ ಬನ್ನಿ. ಕೇಸರಿಬಾತ್ ಕಾಯ್ತಾ ನಾನಿಲ್ಲೇ ಕೂತಿರ್ತೇನೆ."

ಈ ದಾರಿಯಲ್ಲಿ ಮೊದಲು ಇಳಿಜಾರು, ನಂತರ ಏರು. ಆರಂಭದಲ್ಲಿ ಸುಲಭವಾಗಿ ಕೊಟ್ಟದ್ದನ್ನೆಲ್ಲ ಸಂಜೆ ವಾಪಸು ಬರುವಾಗ ಬೆಟ್ಟ ವಸೂಲು ಮಾಡುತ್ತದೆ. ಹೋಗುವವರು ಆ ಕೊನೆಯ ಏರಿಗೆ ಒಂದು ಬಾಟಲಿ ನೀರು ಮುಟ್ಟದೆ ಇಟ್ಟುಕೊಳ್ಳಿ.

ನದಿಯನ್ನು ಅವನು ಮೊದಲು ದಾಟಿದ. ತಿರುಗಿ ಕೈ ಚಾಚಲಿಲ್ಲ, ಆದರೆ ನಾನು ದಡ ಸೇರುವವರೆಗೆ ನಿಂತಿದ್ದ. ಅದನ್ನು ಮನಸ್ಸಿನಲ್ಲಿ ಗುರುತು ಹಾಕಿಕೊಂಡೆ. ದಾರಿಯುದ್ದಕ್ಕೂ ದಪ್ಪ ನೊಣಗಳು ಕಚ್ಚಿದವು. ಅವನು ಗೊಣಗಲಿಲ್ಲ. ಬ್ಲೂ ಲೇಕ್ ಕಾಣುವ ಜಾಗಕ್ಕೆ ಬರುವ ಹೊತ್ತಿಗೆ ಅವನ ಬಲಗಾಲಿನ ಶೂ ಬಾಯಿಬಿಟ್ಟಿತ್ತು. ವರ್ಷಗಟ್ಟಲೆ ಕಪಾಟಿನಲ್ಲಿದ್ದ ಶೂ, ಅಂಟು ಸತ್ತು ಅಡಿಭಾಗ ಪೂರ್ತಿ ಕಳಚಿ ಬಂದಿತ್ತು. ನೀವೂ ಹಳೆಯ ಶೂ ನಂಬಿ ಗುಡ್ಡ ಹತ್ತಬೇಡಿ, ಮೊದಲು ಮನೆಯ ಹತ್ತಿರ ಒಂದು ಗಂಟೆ ನಡೆದು ನೋಡಿ.

"ಇಲ್ಲಿಂದಲೇ ವಾಪಸ್ ಹೋಗೋಣ್ವಾ?" ಎಂದೆ. ಪರೀಕ್ಷೆಗೇ ಕೇಳಿದ್ದು.

"ಟಾಪ್ ಇನ್ನೆಷ್ಟು ದೂರ?"

"ಒಂದು ಗಂಟೆ ಆಗ್ಬಹುದು."

"ಹಾಗಾದ್ರೆ ಟಾಪ್‌ಗೆ ಹೋಗುವ," ಎಂದು ಶೂ ಬಿಚ್ಚಿದ.

ನನ್ನ ಬ್ಯಾಗಿನಲ್ಲಿ ಡಬ್ಬಿಯ ಬಾಕ್ಸುಗಳಿಗೆ ಸುತ್ತುವ ಟೇಪಿನ ಉರುಳೆ ಯಾವಾಗಲೂ ಇರುತ್ತದೆ. ಶೂವನ್ನು ತೊಡೆಯ ಮೇಲಿಟ್ಟುಕೊಂಡು ಸುತ್ತತೊಡಗಿದೆ. ಎದುರಿಗೆ ಒಂದೇ ಕಾಲಿನಲ್ಲಿ ಶೂ ಇರುವ ಗಂಡಸು. ಇದಕ್ಕಿಂತ ಒಳ್ಳೆಯ ಸಮಯ ಸಿಗುವುದಿಲ್ಲ ಎನಿಸಿತು.

"ಒಂದು ಮಾತು. ನಾನು ಮೆಲ್ಬರ್ನ್ ಬಿಟ್ಟು ಬರಲ್ಲ. ನೀವೇ ಬರ್ಬೇಕಾಗುತ್ತೆ."

ಅವನು ನನ್ನ ಕೈಯಲ್ಲಿದ್ದ ಶೂ ನೋಡಿದ. "ಈಗ ಇಲ್ಲ ಅಂದ್ರೆ ಶೂ ಕೊಡೋದಿಲ್ವಾ?"

"ಶೂ ಕೊಡ್ತೀನಿ. ನನ್ನನ್ನ ಕೊಡಲ್ಲ."

"ಮೇಲೆ ಹೋಗಿ ಹೇಳ್ತೇನೆ."

ಆ ಒಂದು ಗಂಟೆ ನಾವು ಮಾತಾಡಲಿಲ್ಲ. ಕಲ್ಲಿನ ದಾರಿಯಲ್ಲಿ ಅವನ ಟೇಪಿನ ಶೂ ಚರಚರ ಸದ್ದು ಮಾಡುತ್ತಿತ್ತು. ಬೆನ್ನಿಗೆ ಗಾಳಿ ಹೊಡೆಯುತ್ತಿತ್ತು. ಬೆಲೆ ಹೇಳಿಯಾದ ಮೇಲೆ ಬಾಯಿ ತೆರೆಯಬಾರದು. ತರಕಾರಿ ಮಂಡಿಯಲ್ಲಿ ಪಾಲಿಸುತ್ತಿದ್ದ ಆ ನಿಯಮವನ್ನು ಅಂದು ಪಾಲಿಸುವುದು ಬಹಳ ಕಷ್ಟವಾಯಿತು. ಎರಡು ಸಲ "ಆರು ತಿಂಗಳು ಬೇಕಾದ್ರೂ ತಗೊಳ್ಳಿ" ಎನ್ನಲು ಹೊರಟು ನುಂಗಿಕೊಂಡೆ.

ಶಿಖರದ ಅಂಚಿನಿಂದ ಕೆಳಗೆ ಕ್ಲಬ್ ಲೇಕ್ ಕಂಡಿತು. ಹಸಿರು ಬಟ್ಟಲಿನ ತಳದಲ್ಲಿ ಯಾರೋ ಕುಡಿದು ಉಳಿಸಿದ ನೀರಿನಂತಿತ್ತು. ನೆರಳಿನ ಮಗ್ಗುಲಲ್ಲಿ ಒಂದು ತೇಪೆ ಹಿಮ ಜನವರಿಯ ನಡುಬೇಸಿಗೆಯಲ್ಲೂ ಕರಗದೆ ಕೂತಿತ್ತು. ಅವನು ಸುಧಾರಿಸಿಕೊಳ್ಳುವವರೆಗೆ ಕಾದೆ.

"ನಮ್ಮ ಕಂಪನಿಗೆ ಮೆಲ್ಬರ್ನ್‌ನಲ್ಲೂ ಆಫೀಸ್ ಉಂಟು. ಟ್ರಾನ್ಸ್‌ಫರ್ ಕೇಳ್ತೇನೆ," ಎಂದ. "ಆದ್ರೆ ಭಾನುವಾರ ಅಡುಗೆಮನೆ ಬಂದ್ ಮಾಡ್ಬೇಕು."

ಇದನ್ನು ನಾನು ಎಣಿಸಿರಲಿಲ್ಲ. "ಭಾನುವಾರನೇ ಜಾಸ್ತಿ ಆರ್ಡರ್ ಬರೋದು."

"ಗೊತ್ತುಂಟು. ಎರಡು ತಿಂಗಳಲ್ಲಿ ಒಂದು ಭಾನುವಾರನಾದ್ರೂ ನೀವು ಸಾರು ಕಲಕದೆ ನನ್ನ ಹತ್ರ ಮಾತಾಡಿದ್ದುಂಟಾ? ನಾನು ಊರು ಬಿಟ್ಟು ಬರುವುದು ಸೌಟಿನ ಸದ್ದು ಕೇಳ್ಲಿಕ್ಕಲ್ಲ."

"ಮಧ್ಯಾಹ್ನದವರೆಗೆ ನಡೆಸ್ತೀನಿ."

"ಇಲ್ಲ."

"ಹನ್ನೊಂದು ಗಂಟೆವರೆಗೆ."

ಅವನು ಮಾತಾಡಲಿಲ್ಲ. ಬಗ್ಗಿ ಶೂವಿನ ಟೇಪ್ ಒತ್ತಿಕೊಂಡ. ನನ್ನದೇ ನಿಯಮ, ನನ್ನ ಮೇಲೆ. ಕೆಳಗಿನ ನೀರನ್ನು ಒಂದಷ್ಟು ಹೊತ್ತು ನೋಡಿದೆ. ಇಷ್ಟು ವರ್ಷಗಳಲ್ಲಿ ನಾನು ಯಾರಿಗೂ ಪೂರ್ತಿ ಒಂದು ದಿನ ಬಿಟ್ಟುಕೊಟ್ಟಿರಲಿಲ್ಲ, ನನಗೂ ಕೂಡ.

"ಸರಿ, ಭಾನುವಾರ ಬಂದ್," ಎಂದೆ.

ಇಳಿಯುವಾಗ ಟೇಪ್ ಮೂರು ಸಲ ಕಿತ್ತುಬಂತು. ಮೂರು ಸಲವೂ ಸುತ್ತಿದೆ. ನದಿ ದಾಟಿದ ಮೇಲಿನ ಕೊನೆಯ ಏರಿನಲ್ಲಿ ಉರುಳೆ ಮುಗಿದು, ಅವನು ಶೂ ಕೈಯಲ್ಲಿ ಹಿಡಿದು ಒಂದು ಕಾಲಿಗೆ ಬರೀ ಕಾಲುಚೀಲ ಹಾಕಿಕೊಂಡೇ ಹತ್ತಿದ.

ಅಕ್ಕ ಕಾರಿನ ಡಿಕ್ಕಿ ತೆರೆದು, ಪೇಪರ್ ತಟ್ಟೆ ಜೋಡಿಸಿ ಕಾಯುತ್ತಿದ್ದರು. ತಮ್ಮನ ಕಾಲು ನೋಡಿದರು, ನನ್ನ ಮುಖ ನೋಡಿದರು.

"ಎಂತ ಆಯ್ತು? ಹುಡುಗಿ ಒಪ್ಪಿಗೆಯಾ ನಿನಗೆ?"

"ನನ್ನನ್ನ ಕೇಳಿದ್ರೆ? ಅವರನ್ನ ಕೇಳು. ನೋಡ್ಲಿಕ್ಕೆ ಬಂದದ್ದು ಅವರು."

ನಾನು ಕ್ಯಾರಿಯರ್ ಎಳೆದುಕೊಂಡು ಮೂರು ತಟ್ಟೆಗೂ ಕೇಸರಿಬಾತ್ ಬಡಿಸಿದೆ. ಅವನ ತಟ್ಟೆಗೆ ಒಂದು ಚಮಚ ಹೆಚ್ಚು. ಅಕ್ಕ ಅದನ್ನು ಗಮನಿಸಿದರು, ಮುಂದೆ ಏನೂ ಕೇಳಲಿಲ್ಲ.