ಬಾಡದ ಬಂಡೆಯ ಹಸಿರು ಬೀಸಣಿಗೆ

ಕುಮಟೆಯ ಬಾಡದಲ್ಲಿ ಬಂಡೆಗಂಟಿದ ಚಿಪ್ಪಿ ಬಿಡಿಸಿ ಮಾರುತ್ತಿದ್ದ ದೇವಿಯಕ್ಕ, ಕಡಲಿನ ಯಾವುದನ್ನೇ ಕೈಗಿತ್ತರೂ ಮೊದಲು ತಲೆಕೆಳಗು ಮಾಡುತ್ತಿದ್ದರು. ಬಣ್ಣ, ಆಕಾರಗಳ ಬಗ್ಗೆ ಅವರಿಗೆ ಗೌರವವಿರಲಿಲ್ಲ. “ಮೊಕ ಎಂತ ನೋಡ್ತ್ರಿ ಮಾಸ್ತರೆ? ಹೆಣ್ಣು ನೋಡೂಕೆ ಬಂದೀರಾ?” ಎಂದು, ಕಡಲಪಾಚಿಗಳ ಅಧ್ಯಯನದಲ್ಲೇ ಸೇವೆ ಸವೆಸಿದ ನನ್ನನ್ನು ಛೇಡಿಸುತ್ತಿದ್ದರು.

ಒಂದು ಬೆಳಿಗ್ಗೆ ಆ ಬಂಡೆಯ ನೀರುಗುಂಡಿಯಲ್ಲಿ ನನಗೆ ಅಂಗೈಯಗಲದ ಹಸಿರು ಬೀಸಣಿಗೆಯೊಂದು ಸಿಕ್ಕಿತು. ಹೊನ್ನಾವರದಿಂದ ಭಟ್ಕಳದವರೆಗೆ ನಾನು ಕಂಡ ಬೀಸಣಿಗೆ ಪಾಚಿಗಳೆಲ್ಲ ಕಂದು ಬಣ್ಣದ, ಅಂಚು ಒಳಸುರುಳಿದ ಪಡೈನಾಗಳು. ಇದರ ಅಂಚು ಸುರುಳಿಕೊಂಡಿರಲಿಲ್ಲ. ಗಿಡ್ಡ ತೊಟ್ಟು, ಸುಣ್ಣದಂಶದಿಂದ ಬಿರುಸಾದ ಮೈ. ನಿಸ್ಸಂದೇಹವಾಗಿ ಉಡೋಟಿಯಾ ಎಂಬ ಹಸಿರು ಪಾಚಿ. ಅದು ಇಲ್ಲಿ ಬೆಳೆಯುವುದಾಗಿ ಯಾರೂ ಬರೆದದ್ದನ್ನು ನಾನು ಓದಿರಲಿಲ್ಲ.

ದೇವಿಯಕ್ಕ ಅದನ್ನು ತಿರುವಿ, ಬುಡದ ಗಡ್ಡೆಯನ್ನು ಉಗುರಿನಿಂದ ಕೆರೆದು ಮರಳು ಉದುರಿಸಿದರು. “ಇದು ಈ ಬಂಡೆದಲ್ಲ. ಬುಡದಲ್ಲಿ ಬರೀ ಹೊಯ್ಗೆ ಅದೆ, ಕಲ್ಲಿನ ಚೂರಿಲ್ಲ. ಎಲ್ಲೋ ಹೊಯ್ಗೆಲಿ ಹುಟ್ಟಿ ಬಲೆಗೆ ಸಿಕ್ಕಿ ಬಂದದ್ದು.”

“ಗುಂಡಿಯಲ್ಲೇ ಇತ್ತಲ್ಲ?”

“ಮೊನ್ನೆ ನಿಮ್ಮ ಚಪ್ಲಿನೂ ಗುಂಡಿಲೇ ಇತ್ತು. ಅದೂ ಬೆಳ್ದದ್ದಾ?”

ನಕ್ಕೆ, ಒಪ್ಪಲಿಲ್ಲ. ಒಣಗಿಸಿ ಹಾಳೆಗೆ ಅಂಟಿಸುವಾಗ ಗಡ್ಡೆ ಉಬ್ಬಿ ಕಾಗದ ಸಮವಾಗಿ ಕೂರಲಿಲ್ಲವೆಂದು ಅದನ್ನು ಕತ್ತರಿಸಿ ಎಸೆದೆ. ‘ಬಾಡ: ಬಂಡೆಯ ಮೇಲೆ ಬೆಳೆದದ್ದು’ ಎಂದು ಪ್ರಕಟಿಸಿಯೂ ಬಿಟ್ಟೆ.

ನಿವೃತ್ತಿಯ ನಂತರ ಹಳೆಯ ದಿನಾಂಕಗಳನ್ನು ಪಂಚಾಂಗದೊಡನೆ ತಾಳೆ ನೋಡುತ್ತಿದ್ದಾಗ, ಅಂದು ಅಷ್ಟಮಿ ಎಂದು ತಿಳಿಯಿತು. ಅಷ್ಟಮಿಯಂದು ನೀರು ದೂರ ಇಳಿಯುವುದಿಲ್ಲ; ಕೆಳಗಿನ ಗುಂಡಿಗಳು ತೆರೆದುಕೊಳ್ಳುವುದಿಲ್ಲ. ನಾನು ಕೈಹಾಕಿದ್ದು ಮೇಲಿನ, ಬಿಸಿಲಿಗೆ ಬತ್ತುವ ಗುಂಡಿಗೆ. ಅಲ್ಲಿ ಇಂಥ ಪಾಚಿ ಬದುಕದು. ಅಷ್ಟರಲ್ಲಿ ನನ್ನನ್ನು ನಂಬಿದ ಇತರರು ಉಡೋಟಿಯಾ ಬೆಳೆಯುವ ತಾಣಗಳ ತಮ್ಮ ಪಟ್ಟಿಗಳಿಗೂ ಬಾಡವನ್ನು ಸೇರಿಸಿಕೊಂಡಿದ್ದರು.

ತಿದ್ದುಪಡಿ ಬರೆದು ಬಾಡಕ್ಕೆ ಹೋಗಿ ಓದಿದೆ: ‘ಈ ಸ್ಥಳದಲ್ಲಿ ಬೆಳೆದಿರುವುದು ಸಂಶಯಾಸ್ಪದ.’ ಮಂಡಿನೋವಿನಿಂದ ಬಂಡೆಗಿಳಿಯುವುದನ್ನು ಬಿಟ್ಟಿದ್ದ ದೇವಿಯಕ್ಕ ಜಗಲಿಯಲ್ಲಿ ಕುಳಿತು ಪೂರ್ತಿ ಕೇಳಿದರು.

“ಯಾರಿಗೆ ಸಂಶಯ? ನಂಗಂತೂ ಇಲ್ಲ.”

“‘ಬೆಳೆದದ್ದಲ್ಲ’ ಎನ್ನಲೇ?”

“ಹ್ಞಾಂ. ತಪ್ಪಾತು ಅಂತಲೂ ಬರೀರಿ. ರಿಟಾಯರ್ ಆದವ್ರಿಗೆ ಎಂತ ಹೆದ್ರಿಕೆ?”

ಅವರೆದುರೇ ತಿದ್ದಿದೆ. ಅದೇ ಕೊನೆಯ ಭೇಟಿ.

ತಿದ್ದುಪಡಿ ಅಚ್ಚಾಗಿ ಬರುವಾಗ ಅವರಿರಲಿಲ್ಲ. ಓದಿ ನೋಡಿದರೆ, ನನ್ನ ತಪ್ಪಿನ ಒಪ್ಪಿಗೆ ಸಾಕಷ್ಟು ಗಂಭೀರವಾಗಿಯೇ ಇದೆ. ಆ ತಪ್ಪನ್ನು ಅಂದೇ ಹಿಡಿದವರು ಯಾರೆಂಬುದು ಮಾತ್ರ ಎಲ್ಲಿಯೂ ಇಲ್ಲ. ಎರಡನೆಯ ತಿದ್ದುಪಡಿ ಈಗ ಮೇಜಿನ ಮೇಲೆ ಅರ್ಧಕ್ಕೆ ನಿಂತಿದೆ. ಪತ್ರಿಕೆ ಅವರ ಪೂರ್ಣ ಹೆಸರು ಕೇಳುತ್ತದೆ. ಇಷ್ಟು ವರ್ಷಗಳಲ್ಲಿ ನಾನದನ್ನು ಒಮ್ಮೆಯೂ ಕೇಳಿರಲಿಲ್ಲ.