ಕಡಲ ಬದಿಯ ಬಾಗಿಲು

ನನ್ನ ಅತ್ತೆಯ ನಡುನೆತ್ತಿಯಲ್ಲಿ ಕೂದಲಿರಲಿಲ್ಲ. ಮೀನಿನ ಬುಟ್ಟಿ ಹೊತ್ತು ಹೊತ್ತು ಹಪ್ಪಳದಷ್ಟಗಲ ಬೋಳಾಗಿ, ಎಣ್ಣೆ ಹಚ್ಚಿದರೆ ಬಿಸಿಲಿಗೆ ಹೊಳೆಯುತ್ತಿತ್ತು. ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡವರಲ್ಲ ಅವರು. ಉಳಿದ ಕೂದಲನ್ನು ತುರುಬು ಕಟ್ಟಿ, ಸುತ್ತಲೂ ಅಬ್ಬಲಿಗೆ ದಂಡೆ ಮುಡಿದು, ನೆತ್ತಿಗೆ ಬಟ್ಟೆಯ ಸಿಂಬೆ, ಸಿಂಬೆಯ ಮೇಲೆ ಬುಟ್ಟಿ ಇಟ್ಟುಕೊಂಡು ಮಾವಳ್ಳಿಯ ಕೇರಿ ಕೇರಿ ಸುತ್ತುತ್ತಿದ್ದರು.

"ಈ ವಯಸ್ಸಲ್ಲಿ ಹೂವು ಎಂತಕೆ ಮಾರಾಯ್ತಿ?" ಎಂದು ಯಾರೋ ನಕ್ಕರೆ, "ಅರಳೂವಾಗ ಅದು ನನ್ನ ವಯಸ್ಸು ಕೇಳಿದ್ದಿಲ್ಲ. ನೀ ಎಂತಕೆ ಕೇಳೂದು?" ಎನ್ನುವರು. ಕೇಳಿದವರು ಚೌಕಾಶಿ ಮಾಡದೆ ಮೀನು ಕೊಳ್ಳುವರು.

ನನ್ನ ಮಗ ಅಂಬೆಗಾಲಿಡುವಾಗ ನನ್ನ ಗಂಡ ಕಾಮಾಲೆಯಾಗಿ ತೀರಿಕೊಂಡರು. ಕುಂಕುಮ, ಹೂವು ಹೋಯಿತು, ಸರಿ. ಕಡಲದಡವೂ ಹೋಯಿತು. ಬೋಟಿಗೆ ಹೊರಟವರಿಗೆ ನಾನು ಎದುರಾಗಬಾರದಂತೆ, ಬಲೆಗೆ ಮೀನು ಬೀಳುವುದಿಲ್ಲವಂತೆ. ದಡಕ್ಕೆ ಹೋಗದೆ ಮೀನು ತರುವುದು ಹೇಗೆ, ಮಗನನ್ನು ಸಾಕುವುದು ಹೇಗೆ? ನಾನು ಅಡಿಗೆಮನೆಯ ಮೂಲೆ ಹಿಡಿದು ಕೂತುಬಿಟ್ಟೆ.

ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ಅತ್ತೆ, "ಏಳು ಮಗಾ, ಮಿಂದು ಬಾ. ಗೇರುಸೊಪ್ಪೆಗೆ ಹೋಗ್ವ" ಎಂದರು. ಅತ್ತೆಯ ತಂಗಿ, ನನಗೆ ಚಿಕ್ಕತ್ತೆ, ಹೊಸದಾಗಿ ಮದುವೆಯಾದ ಮಗಳನ್ನು ಕರೆದುಕೊಂಡು ಜೊತೆಗೆ ಬಂದರು. ಅಲ್ಲಿನ ಕಾಡಿನಲ್ಲಿ ಈಶ್ವರನ ಗುಡಿ, ದೇವಿಯ ಗುಡಿ, ಜೈನರ ಬಸದಿ ಎಲ್ಲ ಒಂದರ ಆಚೆ ಒಂದು ಇವೆ. ಅತ್ತೆ ಚಿಕ್ಕವರಿದ್ದಾಗ ಅವರ ಅಪ್ಪ ಒಣಮೀನು ಮಾರಲು ಶರಾವತಿಯಲ್ಲಿ ದೋಣಿ ಏರಿಸಿಕೊಂಡು ಹೋಗುವಾಗ ಅವರನ್ನೂ ಕರೆದೊಯ್ಯುತ್ತಿದ್ದರಂತೆ. "ಜೈನರ ದೇವ್ರಿಗೆ ಮೀನಿನವರು ಕೈ ಮುಗಿಯೂದಾ?" ಎಂದು ಯಾರಾದರೂ ಕೇಳಿದರೆ, "ಮಿಂದು ಹೋಗ್ತೆ, ಅವತ್ತು ಮೀನು ಮುಟ್ಟೂದಿಲ್ಲ. ಮತ್ತೆಂತ ಬೇಕು?" ಎನ್ನುತ್ತಿದ್ದರು.

ಬಸ್ಸು ಇಳಿದು, ಹೊಳೆ ದಾಟಿ, ಕಾಡಿನಲ್ಲಿ ನಡೆದೆವು. ಈಶ್ವರನ ಗುಡಿಯ ಹತ್ತಿರ ಚಿಕ್ಕತ್ತೆ, "ಹೊಸ ಮದುಮಗಳಿದ್ದಾಳೆ. ಇವ್ಳು ಹೊರಗೇ ಕೂತಿರ್ಲಿ" ಎಂದರು. ನಾನು ಕಟ್ಟೆಯ ಮೇಲೆ ಕೂತೆ. ಅತ್ತೆ ಒಳಗೆ ಹೋದಷ್ಟೇ ಬೇಗ ಹೊರಗೆ ಬಂದರು.

ಆಮೇಲೆ ಬಸದಿ. ನಾಲ್ಕು ದಿಕ್ಕಿಗೂ ಬಾಗಿಲಿರುವ ಕಲ್ಲಿನ ಕಟ್ಟಡ. ಮೂಡಣ ಬಾಗಿಲಲ್ಲಿ ಮಗಳೊಡನೆ ನಿಂತ ಚಿಕ್ಕತ್ತೆ ಮತ್ತೆ ಅದೇ ರಾಗ ತೆಗೆದರು. ಅತ್ತೆ ತಂಗಿಯನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು. ನನ್ನ ಕೈ ಹಿಡಿದು, ತರಗೆಲೆ ತುಳಿಯುತ್ತ ಗೋಡೆ ಸುತ್ತಿ ಪಡುವಣ ಬಾಗಿಲಿಗೆ ಎಳೆದುಕೊಂಡು ಬಂದರು.

"ಇದು ಕಡಲ ಬದಿಯ ಬಾಗ್ಲು. ನಮ್ಮದೇ. ನಡೆ."

ಒಳಗೆ ಕಾಲಿಟ್ಟವರೇ ಆಚೆ ಬಾಗಿಲಿಗೆ ಕೇಳುವ ಹಾಗೆ ಕೂಗಿದರು: "ಕಟ್ಟಿಸಿದವರು ನಿನ್ನಂಥವರನ್ನ ಕಂಡೇ ನಾಲ್ಕು ಬಾಗ್ಲು ಇಟ್ಟದ್ದು ತಂಗೀ!"

ನಾನು ತಲೆ ಎತ್ತಿದೆ. ಮೂಡಣ ಬಾಗಿಲಿಗೆ ಮುಖ ಮಾಡಿದ ಹಾಗೆಯೇ ನಮ್ಮ ಕಡೆಗೂ ಒಂದು ಮೂರ್ತಿ ಮುಖ ಮಾಡಿ ಕೂತಿತ್ತು. "ಕಾಣು ಮಗಾ, ಬೆನ್ನು ಹಾಕಿ ಕೂತವ ಅಲ್ಲ ಇವ" ಎಂದು ಅತ್ತೆ ತಮ್ಮ ತುರುಬಿನ ದಂಡೆ ಬಿಚ್ಚಿದರು, ಅರ್ಧಕ್ಕೆ ಹರಿದು ನನಗೆ ಮುಡಿಸಿದರು.

"ಅಕ್ಕಾ, ಜನ ಎಂತ ಹೇಳ್ತ್ರು!" ಆ ಕಡೆಯಿಂದ ಚಿಕ್ಕತ್ತೆ.

"ನನ್ನೆದುರಿಗೆ ಬಂದು ಹೇಳ್ಲಿ. ಸತ್ತದ್ದು ನನ್ನ ಮಗ. ನಂಗಿಂತ ಹೆಚ್ಚು ಉರೀತದ್ಯಾ ಅವ್ರಿಗೆ?"

ಅಲ್ಲಿಯವರೆಗೆ ಅಳದಿದ್ದ ಅತ್ತೆ ಅಲ್ಲಿ ಅತ್ತರು. ಕಣ್ಣೊರೆಸಿಕೊಂಡು, ಹಸಿವಾಯಿತೆಂದು ನನ್ನನ್ನೇ ಬೈದರು.

ಮಾರನೆಯ ಬೆಳಿಗ್ಗೆ ಹೂ ಮುಡಿದುಕೊಂಡೇ ನಾನು ದಡಕ್ಕೆ ಹೋದೆ. ಅತ್ತೆ ಮುಂದೆ, ನಾನು ಹಿಂದೆ. ಬೋಟಿನವರು ಗುರುಗುಟ್ಟಿದರೆ, "ಬಲೆ ಹರಿದದ್ದಕ್ಕೂ ನನ್ನ ಸೊಸೆಯೇ ಕಾರಣವಾ? ಹೊಲ್ಕಣಿ ಮೊದ್ಲು!" ಎಂದರು. ಕೇರಿಯ ಹೆಂಗಸರು ಬಾಗಿಲಿಗೆ ಬಂದು ನೋಡಿದರೆ, "ತಲೆ ಎಂತಕೆ ಕಾಣೂದು? ಬುಟ್ಟಿ ಕಾಣಿ, ಬಂಗಡೆ ತಾಜಾ ಉಂಟು!" ಆ ಬುಟ್ಟಿಯಲ್ಲೇ ಮಗ ಬೆಳೆದ.

ಕೆಲವು ವರ್ಷಗಳ ಮೇಲೆ ಮಾವನೂ ತೀರಿಕೊಂಡು, ಕಾರ್ಯಗಳೆಲ್ಲ ಮುಗಿದ ಮೇಲೆ ಅತ್ತೆಗೆ ನಾನೇ ದಂಡೆ ಮುಡಿಸಿದೆ. "ಬಿಗಿಯಾಗಿ ಮುಡಿಸೇ, ಬುಟ್ಟಿ ಹೊರೂಕುಂಟು" ಎಂದರು. ಬೋಟುಗಳೆಲ್ಲ ದಡ ಹತ್ತಿದ್ದ ಒಂದು ಮಳೆಗಾಲದಲ್ಲಿ ಅವರೂ ಹೋದರು. ಆ ಬೋಳು ನೆತ್ತಿಯ ಸುತ್ತ ಕೊನೆಯ ದಂಡೆ ಇಟ್ಟಾಗ ಯಾರೂ ನನ್ನನ್ನು ತಡೆಯಲಿಲ್ಲ. ತಡೆಯಲಿ ನೋಡೋಣ ಎಂದೇ ನಿಂತಿದ್ದೆ ನಾನು.

ಇಷ್ಟೆಲ್ಲ ಈಗ ಬರೆಯುತ್ತಿರುವುದು ಸಂತೋಷ ತಡೆಯಲಾರದೆ. ಕಳೆದ ವಾರ ನನ್ನ ಮೊಮ್ಮಗಳಿಗೆ ಹೂ ಮುಡಿಸುವ ಶಾಸ್ತ್ರವಾಯಿತು. ಗಂಡು ಕುಮಟೆಯವ. "ಹಿರೇ ಮುತ್ತೈದೆ ಯಾರಾದ್ರೂ ಮೊದ್ಲು ಮುಡಿಸಿ" ಎಂದು ಬೀಗರ ಕಡೆಯ ಹಿರಿಯಳೊಬ್ಬಳು ಹೇಳಿದ್ದೇ ತಡ, ಮೊಮ್ಮಗಳು ಕೂತಲ್ಲಿಂದಲೇ ತಿರುಗಿ ನನ್ನ ಕಡೆಗೆ ತುರುಬು ಒಡ್ಡಿದಳು.

"ಅಜ್ಜಿ ಮುಡಿಸದೆ ನಾ ಏಳೂದಿಲ್ಲ."

ಮುಡಿಸಿದೆ! ಅತ್ತೆಗೆ ಮುಡಿಸಿದ ಹಾಗೆಯೇ ಬಿಗಿಯಾಗಿ ಮುಡಿಸಿದೆ.

ಮಾರನೆಯ ದಿನ ಅವಳೇ ನನ್ನನ್ನು ಕಾರಿನಲ್ಲಿ ಬಸದಿಗೆ ಕರೆದೊಯ್ದಳು. "ಯಾವ ಬಾಗ್ಲಲ್ಲಿ ಹೋಗೂದು ಅಜ್ಜಿ?" ಎಂದು ಕೇಳಿದಳು. ಮೂಡಣ ಬಾಗಿಲು ತೆರೆದೇ ಇತ್ತು, ಅಡ್ಡ ನಿಂತವರು ಯಾರೂ ಇರಲಿಲ್ಲ. ಆದರೂ ನಾನು ಗೋಡೆ ಸುತ್ತಿಕೊಂಡು ಪಡುವಣಕ್ಕೆ ಹೋದೆ. ಹೊಸ್ತಿಲು ದಾಟಿ, ನಾಲ್ಕೂ ಬಾಗಿಲಿಗೆ ಕೇಳುವ ಹಾಗೆ ಕೂಗಿ ಹೇಳಿದೆ:

"ಅತ್ತೇ, ಮುಡಿಸಿ ಬಂದೆ!"